ಮುಚ್ಚಳ ಹಿಡಿದ ಅಜ್ಜಿಗೆ ಸನ್ಮಾನ

ಮೊದಲು ಹಿಂದಿನ ಸಾಲಿನವರು ಕುರ್ಚಿ ಎಳೆಯುವುದನ್ನು ನಿಲ್ಲಿಸಿ. ಮೈಕು ನನ್ನ ಕೈಗೆ ಬಂದ ತಕ್ಷಣ ಎದ್ದು ಹೋಗುವುದು ಯಾವ ಊರಿನ ಮರ್ಯಾದೆ? ಹೊರಗೆ ಕಾಫಿ ಇಟ್ಟಿದ್ದಾರೆ ಎಂದು ನನಗೂ ಗೊತ್ತು, ವಾಸನೆ ನನ್ನ ಮೂಗಿಗೂ ಬರುತ್ತಿದೆ. ನನ್ನ ಮಾತು ಮುಗಿಯುವ ಹೊತ್ತಿಗೆ ಅದು ಆರಿದ್ದರೆ ಆರಿದ್ದನ್ನೇ ಕುಡಿಯಿರಿ, ನಾಲಿಗೆಯಾದರೂ ಉಳಿಯುತ್ತದೆ. ಇನ್ನು, ನಾಳೆ ಈ ಭಾಷಣವನ್ನು ಬರೆದು ಹೊರಗಿನ ಬೋರ್ಡಿಗೆ ಅಂಟಿಸುತ್ತಾರಂತೆ. ಅಲ್ಲಿ ನಿಂತು ಓದುತ್ತಿರುವವರೇ, ನಿಮಗೂ ಹೇಳುತ್ತಿದ್ದೇನೆ. ಅರ್ಧ ಓದಿ, 'ಅಜ್ಜಿ ಏನೋ ಕೊರೆದಿದ್ದಾಳೆ' ಎಂದು ಬಸ್ಸು ಹಿಡಿಯಲು ಓಡಬೇಡಿ. ಓದಿದರೆ ಪೂರ್ತಿ ಓದಿ, ಇಲ್ಲದಿದ್ದರೆ ಬೋರ್ಡಿನ ಮುಂದೆ ನೆರಳು ಬೀಳಿಸಿಕೊಂಡು ನಿಲ್ಲಬೇಡಿ.

ಈಗ ಶುರು ಮಾಡುತ್ತೇನೆ.

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ಯಾರಾದರೂ ಜೋರಾಗಿ ಉಸಿರುಬಿಟ್ಟರೂ 'ಶ್' ಎನ್ನುವ ನಮ್ಮ ಲೈಬ್ರರಿಯನ್ನರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಇಲ್ಲಿರುವ ಅರ್ಧ ಜನರ ಬಾಯೊಳಗೆ ಕೈ ಹಾಕಿ ನೋಡಿರುವ ಹಲ್ಲಿನ ಡಾಕ್ಟರಮ್ಮನವರೇ, ತಿಂಗಳ ಸಿನಿಮಾ ಸಮಿತಿಯ ಸದಸ್ಯರೇ, ತಂದೆತಾಯಂದಿರೇ, ಚಾಪೆಯ ಮೇಲೆ ಉರುಳಾಡುತ್ತಿರುವ ಮಕ್ಕಳೇ, ಮತ್ತು ಬರೀ ಕಾಫಿಗಾಗಿ ಬಂದಿರುವ ಸಭಿಕರೇ,

ನನ್ನನ್ನು ಸನ್ಮಾನ ಮಾಡಲು ಕರೆದಿದ್ದೀರಿ. ಹೂಗುಚ್ಛ ಕೊಟ್ಟಿದ್ದೀರಿ, ಗೋಡೆ ಗಡಿಯಾರ ಕೊಟ್ಟಿದ್ದೀರಿ, 'ಅಜ್ಜಿಯ ಸೇವೆ ಅನನ್ಯ' ಎಂದು ಲೈಬ್ರರಿಯನ್ನರು ಓದಿದ್ದಾರೆ. ಅನನ್ಯ ಎಂದರೆ ಏನು ಎಂದು ಪಕ್ಕದಲ್ಲಿದ್ದ ಡಾಕ್ಟರಮ್ಮನನ್ನು ಕೇಳಿದೆ. 'ಬೇರೆ ಯಾರೂ ಹಂಗೆ ಮಾಡಲ್ಲ ಅಂತ' ಎಂದರು. ಸತ್ಯವಾದ ಮಾತು. ಬುದ್ಧಿ ಇದ್ದವರು ಯಾರೂ ಹಾಗೆ ಮಾಡುವುದಿಲ್ಲ. ನಾನು ಹಳ್ಳಿಯ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಹೋದವಳು, ಅದೂ ಮಳೆ ಇಲ್ಲದ ದಿನ. ಆದರೂ ಇಷ್ಟು ತಿಳಿಯುತ್ತದೆ: ಕೆಲಸದಲ್ಲಿ ಇರುವವರಿಗೆ ಯಾರೂ ಗಡಿಯಾರ ಕೊಡುವುದಿಲ್ಲ. ಮನೆಗೆ ಹೋಗಿ ಹೊತ್ತು ಕಳೆಯಬೇಕಾದವರಿಗೆ ಕೊಡುತ್ತಾರೆ.

ಕಳಿಸಿಕೊಡಿ, ಬೇಜಾರಿಲ್ಲ. ಆದರೆ ಯಾಕೆ ಕಳಿಸುತ್ತಿದ್ದೀರಿ ಎನ್ನುವುದು ಈಚೆಗೆ ಸದಸ್ಯರಾದವರಿಗೆ ಗೊತ್ತಿಲ್ಲ. ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಅವರಿಗಾಗಿ ಹೇಳುತ್ತೇನೆ.

ಸಭಿಕರೇ, ಈ ಲೈಬ್ರರಿಯ ಹಾಲ್‌ನಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ಪೋಸ್ಟರಿನಲ್ಲಿ ಯಾವಾಗಲೂ ಒಂದೇ ಮಾತು ಇರುತ್ತದೆ: 'ಪುಟ್ಟ ಮಕ್ಕಳು ಮತ್ತು ತಂದೆತಾಯಂದಿರು ಒಟ್ಟಿಗೆ ಕುಳಿತು ನೋಡಬಹುದಾದ ಭಾವಪೂರ್ಣ ಕೌಟುಂಬಿಕ ಚಿತ್ರ.' ಭಾವಪೂರ್ಣ ಎಂದರೆ ಏನು? ಯಾರಾದರೂ ಸಾಯುತ್ತಾರೆ ಎಂದು ಅರ್ಥ. ನಾಯಿ ಸಾಯಬಹುದು, ಕುದುರೆ ಸಾಯಬಹುದು, ಬಡ ಅಮ್ಮ ಇದ್ದರಂತೂ ಆಕೆಯ ಗತಿ ಮುಗಿದ ಹಾಗೆಯೇ. ಮೊದಲ ತಿಂಗಳು ಹಾಕಿದ ಸಿನಿಮಾದಲ್ಲಿ ನಾಯಿಮರಿ ಸತ್ತು, ಇಡೀ ಹಾಲ್ ಗೊಳೋ ಎಂದು ಅತ್ತಿತು. ಟೈಲರಮ್ಮನ ಮಗ ಅಳುತ್ತಾ ಅಳುತ್ತಾ ಲೈಬ್ರರಿಯನ್ನರ ಹೊಸ ಪ್ಯಾಂಟಿನ ಮೇಲೆ ವಾಂತಿ ಮಾಡಿದ. ಅವತ್ತೇ ಸಮಿತಿ ಕೂತಿತು. ಮಕ್ಕಳಿಗಾಗಿ ಕೂತಿತೋ ಪ್ಯಾಂಟಿಗಾಗಿ ಕೂತಿತೋ, ನಾನು ಹೇಳಲಾರೆ.

ಒಬ್ಬರು ಎಂದರು, 'ದುಃಖದ ಸೀನ್ ಬಂದಾಗ ಮಷೀನ್ ನಿಲ್ಸಿಬಿಡೋಣ.' ನಮ್ಮ ಮಷೀನ್ ಮಾಮ, ಅಂದರೆ ಹಗಲೆಲ್ಲ ಫ್ಯಾನು ಮಿಕ್ಸಿ ರಿಪೇರಿ ಮಾಡಿ, ತಿಂಗಳಿಗೊಂದು ಸಂಜೆ ಪ್ರೊಜೆಕ್ಟರ್ ನಡೆಸುವವರು, ಕೈ ಮುಗಿದರು. 'ಇದು ನಮ್ಮತ್ತೆ ಇದ್ದಂಗೆ. ಮಧ್ಯ ನಿಲ್ಸಿದ್ರೆ ಮತ್ತೆ ಶುರು ಆಗಲ್ಲ, ಶುರು ಆದ್ರೆ ಮೊದಲಿಂದ ಆಗುತ್ತೆ.'

ಆಗ ನಾನು ಎದ್ದು ನಿಂತೆ. ಏಳಬಾರದಿತ್ತು. 'ನಿಲ್ಸೋದ್ಯಾಕೆ? ಉಕ್ಕೋ ಪಾತ್ರೆಗೆ ಏನ್ ಮಾಡ್ತೀವಿ? ಮುಚ್ಚಳ ಹಾಕ್ತೀವಿ. ಬೆಳಕು ಬರೋ ಕಡೆ ಒಂದು ಮುಚ್ಚಳ ಹಿಡಿದರಾಯ್ತು' ಎಂದೆ. ಉಕ್ಕುವ ಪಾತ್ರೆಗೆ ಮುಚ್ಚಳ ಹಾಕಿದರೆ ಇನ್ನಷ್ಟು ಉಕ್ಕುತ್ತದೆ ಎಂದು ಅಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರ ಮನೆಯಲ್ಲೂ ಅಡುಗೆ ಬೇರೆ ಯಾರೋ ಮಾಡುತ್ತಾರೆ ಎಂದು ಕಾಣುತ್ತದೆ. ಅಡುಗೆ ಮಾಡುವ ನನಗೇ ಹೊಳೆಯಲಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ?

ಹೀಗೆ ನಾನು ಅಧಿಕಾರಕ್ಕೆ ಬಂದೆ. ನಮ್ಮ ಮಷೀನಿನ ಬೆಳಕು ಮಂದ, ಪರದೆಗೆ ಹತ್ತಿರ ಇಡಬೇಕು. ಹಾಗಾಗಿ ಮೇಜು ಮುಂದೆ, ಮಕ್ಕಳು ಅದರ ಹಿಂದೆ ಚಾಪೆಯ ಮೇಲೆ, ದೊಡ್ಡವರು ಅವರ ಹಿಂದೆ ಕುರ್ಚಿಯಲ್ಲಿ. ಮೇಜಿನ ಪಕ್ಕ ಒಂದು ಗಿಡ್ಡ ಸ್ಟೂಲು, ಅದರ ಮೇಲೆ ನಾನು, ನನ್ನ ಕೈಯಲ್ಲಿ ಮನೆಯ ದೊಡ್ಡ ಪಾತ್ರೆಯ ಮುಚ್ಚಳ. ಸಿನಿಮಾವನ್ನು ಮೊದಲೇ ನೋಡಿರುತ್ತಿದ್ದವರು ಮಷೀನ್ ಮಾಮ ಒಬ್ಬರೇ. 'ಮುಚ್ಚಿ' ಎಂದು ಬಾಯಿಬಿಟ್ಟು ಹೇಳಿದರೆ ಮಕ್ಕಳು ಯಾಕೆ ಎಂದು ಕೇಳುತ್ತವೆ. ಅದಕ್ಕೆ ಅವರು ಕೆಮ್ಮಬೇಕು ಎಂದು ಗೊತ್ತುಮಾಡಿದೆವು. ಕೆಮ್ಮಿದರೆ ಮುಚ್ಚುವುದು, ಮತ್ತೆ ಕೆಮ್ಮಿದರೆ ತೆಗೆಯುವುದು. ನನ್ನ ಒಂದು ಕಿವಿ ಮಂದವಾದ್ದರಿಂದ ಅವರ ಬಾಯಿಯನ್ನೇ ನೋಡುತ್ತಾ, ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಈಗ ಅರ್ಥವಾಯಿತೇ? ಈ ಸಿನಿಮಾ ಸಮಿತಿಯ ಅತಿ ಹಿರಿಯ ಸದಸ್ಯೆ ಮುಚ್ಚಳ ಹಿಡಿದ ಮೇಲೆ ಇಲ್ಲಿ ಒಂದೇ ಒಂದು ಸಿನಿಮಾವನ್ನೂ ನೋಡಿಲ್ಲ. ನಾನು ನೋಡಿದ್ದು ಮಷೀನ್ ಮಾಮನ ಮೀಸೆ ಮಾತ್ರ. ಮೀಸೆಯೂ ಭಾವಪೂರ್ಣವಾಗಿಯೇ ಇದೆ, ಇಲ್ಲ ಎನ್ನುವುದಿಲ್ಲ.

ಚಿತ್ರ ಮುಚ್ಚಿದರೂ ಶಬ್ದ ಕೇಳುತ್ತದೆ ಎನ್ನುವುದನ್ನು ನಾನು ಯೋಚಿಸಿರಲಿಲ್ಲ. ನನಗೆ ಸರಿಯಾಗಿ ಕೇಳುವುದಿಲ್ಲವಾದ್ದರಿಂದ ಲೋಕಕ್ಕೂ ಕೇಳುವುದಿಲ್ಲ ಎಂದುಕೊಂಡಿದ್ದೆ. ಪರದೆ ಕಪ್ಪು, ಒಳಗಿಂದ ಯಾರೋ ಬಿಕ್ಕುವುದು, ಬಾಗಿಲು ಕಿರ್ರೆನ್ನುವುದು, ಮಳೆ, ಗುಡುಗು. ಮಕ್ಕಳು ಕತ್ತಲಲ್ಲಿ ತಮ್ಮದೇ ಸಿನಿಮಾ ಮಾಡಿಕೊಂಡರು. ಒಬ್ಬ ಹುಡುಗ ಮನೆಗೆ ಹೋಗಿ, 'ಅಜ್ಜಿ ಮುಚ್ಚಳ ಹಿಡಿದಾಗ ಅಪ್ಪ ಕುದುರೇನ ತಿಂದುಬಿಟ್ಟ' ಎಂದನಂತೆ. ಟೈಲರಮ್ಮನ ಮಗ ಅಡುಗೆಮನೆಯಲ್ಲಿ ಅವನಮ್ಮ ಪಾತ್ರೆಗೆ ಮುಚ್ಚಳ ಹಾಕಿದರೆ ಚೀರಲು ಶುರು ಮಾಡಿದ. ಪಾಪ, ಆಕೆ ಒಂದು ತಿಂಗಳು ಮುಚ್ಚದೆಯೇ ಬೇಯಿಸಿದಳು. ಗ್ಯಾಸು ಎಷ್ಟು ಖರ್ಚಾಯಿತು ಎಂದು ಎದುರು ಸಿಕ್ಕಾಗಲೆಲ್ಲ ಹೇಳುತ್ತಾಳೆ.

ಆದರೂ ನಾನು ಬಿಡಲಿಲ್ಲ. ಯಾಕೆ ಬಿಡಲಿಲ್ಲ? ಹಠ. ನಮ್ಮ ಯಜಮಾನರು ಯಾವಾಗಲೂ ಹೇಳುತ್ತಿದ್ದರು, 'ನೀನು ತಪ್ಪು ದಾರೀಲಿ ಹೋದ್ರೂ ಎಷ್ಟು ಗಟ್ಟಿಯಾಗಿ ಹೋಗ್ತೀಯ ಅಂದ್ರೆ, ದಾರೀನೇ ಹೆದರಿ ಸರಿಯಾಗಿಬಿಡಬೇಕು.'

ಅವರ ವಿಷಯ ಬಂತು. ಬರಬಾರದು ಎಂದುಕೊಂಡಿದ್ದೆ. ಬಂದಿದೆ, ಎರಡು ಮಾತು ಹೇಳಿಬಿಡುತ್ತೇನೆ, ಡಾಕ್ಟರಮ್ಮ ಗಡಿಯಾರ ನೋಡಬೇಡಿ, ಅದು ನನಗೆ ಕೊಟ್ಟ ಗಡಿಯಾರ.

ನಮ್ಮ ಯಜಮಾನರು ಸೈಕಲ್ ರಿಪೇರಿ ಮಾಡುತ್ತಿದ್ದರು. ಕೈ ಕಬ್ಬಿಣ, ಮನಸ್ಸು ಬೆಣ್ಣೆ. ಸಿನಿಮಾಕ್ಕೆ ಹೋದರೆ ಅಳುವುದೇ ಕೆಲಸ. ಸುಮ್ಮನೆ ಕಣ್ಣು ಒರೆಸಿಕೊಳ್ಳುವುದಲ್ಲ, ಮೂಗು ಸೀನುವುದು, ಭುಜ ಕುಣಿಸುವುದು, ಮುಂದಿನ ಸಾಲಿನವರ ಕುರ್ಚಿ ಹಿಡಿದುಕೊಳ್ಳುವುದು. ಜನ ಪರದೆ ಬಿಟ್ಟು ಇವರನ್ನೇ ನೋಡುತ್ತಿದ್ದರು. ನಾನು ತೊಡೆ ಚಿವುಟಿ, 'ಬಟ್ಟೆ ಮೇಲಿನ ಬೆಳಕಿಗೆ ಅಳ್ತೀರಲ್ಲ, ನಾಚಿಕೆ ಆಗಲ್ವಾ?' ಎನ್ನುತ್ತಿದ್ದೆ. 'ಚೆನ್ನಾಗಿ ಅಳ್ಸಿದಾನೆ ಕಣೇ, ಟಿಕೆಟ್ ದುಡ್ಡು ಹುಟ್ಟಿತು' ಎನ್ನುತ್ತಿದ್ದರು. ಹೊರಗೆ ಬಂದ ಮೇಲೆ ಅದೇ ಜೋರಿನಲ್ಲಿ ನಗುವುದು. ಬೀದಿಯ ನಾಯಿಗಳು ಎದ್ದು ದೂರ ಹೋಗಬೇಕು, ಅಂಥ ನಗು.

ಹೋದ ವರ್ಷ ಅವರು ಹೋದರು. ಎದೆ ಕೆಟ್ಟಿತ್ತು, ಕೆಮ್ಮಿ ಕೆಮ್ಮಿ ಸಾಕಾಗಿದ್ದರು. ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡು ಕೂತಿದ್ದೆ. ಏಳಲು ನೋಡಿದರು. 'ಸುಮ್ನೆ ಮಲಗಿ, ಎಲ್ಲದಕ್ಕೂ ಅವಸರ ನಿಮಗೆ' ಎಂದೆ. ಮಲಗಿದರು. ಮದುವೆಯಾದಾಗಿನಿಂದ ನನ್ನ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಅದೊಂದೇ ಸಲ. ಎಂಥ ಹೊತ್ತಲ್ಲಿ ಕೇಳಿದರು ನೋಡಿ.

ಮನೆಯಲ್ಲಿ ಮೊಮ್ಮಗಳಿದ್ದಾಳೆ, ಮಗಳ ಮಗಳು. ಹುಟ್ಟಿದಾಗಿನಿಂದ ಕುಂಯ್ ಕುಂಯ್ ಎಂದು ಒಂದೇ ರಾಗ, ಅದಕ್ಕೆ ಅವಳ ತಾತನೇ ಪಿಟೀಲು ಎಂದು ಹೆಸರಿಟ್ಟರು. ಅಗೋ, ಅಲ್ಲಿ ಚಾಪೆಯ ತುದಿಯಲ್ಲಿ ಕಾಲ್ಬೆರಳು ಎಣಿಸುತ್ತಿದ್ದಾಳೆ, ಅವಳೇ. ಆಸ್ಪತ್ರೆಯಿಂದ ಬಂದು ಅವಳಿಗೆ, 'ತಾತ ಊರಿಗೆ ಹೋಗಿದಾರೆ' ಎಂದೆ. ಮಗಳು ಸುಳ್ಳು ಬೇಡ ಅಮ್ಮ ಎಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಎಂಥೆಂಥ ಮನೆಯವರಿಗೋ ಇಂಥ ಸುದ್ದಿ ಹೇಳಿದವಳು. 'ನಿನ್ನ ನರ್ಸ್‌ಗಿರಿ ಆಸ್ಪತ್ರೇಲಿ ಇಟ್ಕೋ' ಎಂದೆ. ಅವರ ಟೋಪಿ, ಕನ್ನಡಕ, ಫೋಟೋ ಎಲ್ಲ ಪೆಟ್ಟಿಗೆಗೆ ಹಾಕಿದೆ. ಮನೆಯಲ್ಲಿ ಅವರ ಮಾತೆತ್ತಿದರೆ ನಾನು ಪಾತ್ರೆ ಕುಕ್ಕುತ್ತಿದ್ದೆ. ಆಮೇಲೆ ಯಾರೂ ಎತ್ತಲಿಲ್ಲ.

ಸಭಿಕರೇ, ಇನ್ನು ಹೋದ ತಿಂಗಳ ಸಿನಿಮಾಕ್ಕೆ ಬರುತ್ತೇನೆ. ನನಗೆ ಗಡಿಯಾರ ತಂದುಕೊಟ್ಟ ಸಿನಿಮಾ ಅದೇ.

ದೋಣಿ ರಿಪೇರಿ ಮಾಡುವ ಒಬ್ಬ ತಾತ, ಅವರ ಜೊತೆ ಪುಟ್ಟ ಮೊಮ್ಮಗಳು, ಒಂದು ತುಂಟ ಮೇಕೆ. ತಾತ ಅವಳಿಗೆ ಈಜು ಕಲಿಸುತ್ತಾರೆ. ಮೇಕೆ ತಾತನ ಟೋಪಿ ತಿನ್ನುತ್ತದೆ. ಚಿಕ್ಕಮ್ಮನ ಮದುವೆಯಲ್ಲಿ ತಾತ ಕುಣಿಯಲು ಹೋಗಿ ಹೊಳೆಗೆ ಬೀಳುತ್ತಾರೆ. ಕೊನೆಗೆ ಒಂದು ದಿನ ಜಗುಲಿಯ ಮೇಲೆ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು ತೀರಿಕೊಳ್ಳುತ್ತಾರೆ. ಇದನ್ನೆಲ್ಲ ಮಷೀನ್ ಮಾಮ ಮೊದಲೇ ಹೇಳಿದ್ದರು. 'ಒಂದೇ ಒಂದು ಕಡೆ ಮುಚ್ಚಿದ್ರೆ ಸಾಕು ಅಜ್ಜಿ' ಎಂದಿದ್ದರು. ಸಲೀಸು ಕೆಲಸ ಎಂದುಕೊಂಡೆ.

ಅವತ್ತು ಮಷೀನ್ ಮಾಮನಿಗೆ ನೆಗಡಿ.

ನಗುತ್ತಿದ್ದೀರಿ. ಅವತ್ತು ಯಾರೂ ನಗಲಿಲ್ಲ. ಟೈಟಲ್ ಮುಗಿಯುವ ಮೊದಲೇ ಮಾಮ ಕೆಮ್ಮಿದರು. ಏನಿದು, ತಾತ ಶುರುವಿಗೇ ಸತ್ತರಲ್ಲ ಎಂದು ಮುಚ್ಚಿದೆ. ಮತ್ತೆ ಕೆಮ್ಮಿದರು, ತೆಗೆದೆ. ಮತ್ತೆ ಕೆಮ್ಮು, ಮತ್ತೆ ಮುಚ್ಚು. ಅವರು ಕೈ ಆಡಿಸಿ ಬೇಡ ಬೇಡ ಎಂದರಂತೆ. ಬೇಗ ಬೇಗ ಎನ್ನುತ್ತಿದ್ದಾರೆ ಎಂದು ತಿಳಿದು ನಾನು ಇನ್ನೂ ಚುರುಕಾದೆ. ನನ್ನ ಕೆಲಸದ ಶ್ರದ್ಧೆ ಹೇಗಿತ್ತು ಎಂದರೆ, ಈಜು ಕಲಿಯುವುದನ್ನು ಮುಚ್ಚಿದೆ. ಮೇಕೆ ಟೋಪಿ ತಿನ್ನುವುದನ್ನು ಪೂರ್ತಿ ಮುಚ್ಚಿದೆ. ಮದುವೆಯಲ್ಲಿ ತಾತ ಎದ್ದು ನಿಂತದ್ದು ಕಂಡಿತು, ಹೊಳೆಗೆ ಬಿದ್ದದ್ದು ಕಾಣಲಿಲ್ಲ, ಒದ್ದೆಯಾಗಿ ನಡುಗುತ್ತಾ ನಿಂತದ್ದು ಕಂಡಿತು. ನಗುವ ಜಾಗಕ್ಕೆಲ್ಲ ಸರಿಯಾಗಿ ಮಾಮನಿಗೆ ಕೆಮ್ಮು. ಅವರಿಗೂ ನಗು ಬಂದು, ನಕ್ಕರೆ ಕೆಮ್ಮು ಹೆಚ್ಚುತ್ತಿತ್ತಂತೆ. ಆಮೇಲೆ ಹೇಳಿದರು.

ಕೊನೆಯಲ್ಲಿ ಕೆಮ್ಮು ನಿಂತಿತು. ಮುಚ್ಚಳ ನನ್ನ ಮಡಿಲಲ್ಲಿತ್ತು. ನೆಗಡಿ ಇಳಿಯಿತು ಎಂದು ಸಮಾಧಾನವಾಗಿ ಕೂತೆ. ನೋಡಿದರೆ ಮಾಮ ಕರ್ಚೀಫನ್ನು ಬಾಯಿಗೆ ಅದುಮಿಕೊಂಡು ಅಳುತ್ತಿದ್ದಾರೆ. ಕೆಮ್ಮುವುದನ್ನೇ ಮರೆತಿದ್ದಾರೆ. ಆಗ ನಾನು ಮೊದಲ ಸಲ ಅವರ ಮೀಸೆ ಬಿಟ್ಟು ಆಚೆ ನೋಡಿದೆ. ಮಕ್ಕಳ ಮುಖದ ಮೇಲೆಲ್ಲ ಪರದೆಯ ಬೆಳಕು ಬಿದ್ದಿತ್ತು. ಒಂದು ಮಗುವೂ ಅಲುಗುತ್ತಿಲ್ಲ, ಒಂದು ಮಗುವೂ ಚೀರುತ್ತಿಲ್ಲ. ನನ್ನ ಪಿಟೀಲು ಬಾಯಿ ಸ್ವಲ್ಪ ತೆರೆದುಕೊಂಡು ನೋಡುತ್ತಿದ್ದಾಳೆ. ನನ್ನ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ಆ ಮುಖ ನೋಡಿ ಗೊತ್ತಾಯಿತು.

ಗಬಕ್ಕನೆ ಮುಚ್ಚಳ ಎತ್ತಿದೆ.

ಅವಳು ಎದ್ದು ಬಂದಳು. ಮಕ್ಕಳ ಕಾಲು ತುಳಿಯದಂತೆ ದಾಟಿಕೊಂಡು ಬಂದು, ನನ್ನ ಕೈ ಹಿಡಿದಳು. 'ಮುಚ್ಬೇಡ ಅಜ್ಜಿ. ಆ ತಾತ ಸಾಯ್ತಾ ಇದಾರೆ. ಯಾರಾದ್ರೂ ನೋಡ್ಬೇಕಲ್ವಾ?'

ಕೈ ತನ್ನಷ್ಟಕ್ಕೆ ಕೆಳಗಿಳಿಯಿತು. ತಿರುಗಿ ನಾನೂ ನೋಡಬಹುದಿತ್ತು. ಕುತ್ತಿಗೆ ಹಿಡಿದುಕೊಂಡಿತ್ತು ಎಂದು ಬೋರ್ಡಿನಲ್ಲಿ ಬರೆದುಕೊಳ್ಳಿ.

ಮನೆಗೆ ನಡೆದು ಹೋಗುವಾಗ ಪಿಟೀಲು ಕೇಳಿದಳು, 'ಅಜ್ಜಿ, ಆ ಸಿನಿಮಾದಲ್ಲಿ ಯಾರೂ ನಗೋದೇ ಇಲ್ವಾ?'

'ನಗ್ತಾರೆ ಕಣೇ. ಮೇಕೆ ಟೋಪಿ ತಿನ್ನುತ್ತಂತೆ.'

'ನಂಗೆ ಕಾಣಿಸ್ಲಿಲ್ಲ.'

'ಮುಚ್ಚಳ ಇತ್ತು.'

'ನೀನು ನೋಡಿದ್ಯಾ?'

'ಇಲ್ಲ.'

'ಮತ್ತೆ ಯಾರಿಗೆ ಕಾಣಿಸ್ತು?'

ಬಾಯಿಬಡುಕಿ ಎಂದು ಬೀದಿಗೆಲ್ಲ ಹೆಸರಾದವಳು ನಾನು. ಹಾಲಿನವನು, ಪೇಪರಿನವನು, ಬಸ್ಸಿನ ಕಂಡಕ್ಟರು, ಎಲ್ಲರಿಗೂ ನನ್ನ ಹತ್ತಿರ ಉತ್ತರ ಇರುತ್ತದೆ. ಇಷ್ಟುದ್ದದ ಹುಡುಗಿಗೆ, 'ಕೆಳಗೆ ನೋಡ್ಕೊಂಡು ನಡಿ, ಕಲ್ಲಿದೆ' ಎಂದೆ.

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದಳು, 'ನಮ್ಮ ತಾತ ಊರಿಂದ ಬರಲ್ಲ, ಅಲ್ವಾ?'

'ಯಾರು ಹೇಳಿದ್ರು?'

'ಯಾರೂ ಹೇಳ್ಲಿಲ್ಲ. ಚಪ್ಪಲಿ ಇಲ್ಲೇ ಇದೆಯಲ್ಲ. ಚಪ್ಪಲಿ ಇಲ್ದೆ ಯಾರು ಊರಿಗೆ ಹೋಗ್ತಾರೆ?'

ಎಲ್ಲ ಪೆಟ್ಟಿಗೆಗೆ ಹಾಕಿದ್ದೆ, ಬಾಗಿಲ ಹಿಂದಿನ ಚಪ್ಪಲಿ ಮರೆತಿದ್ದೆ. 'ಹಂಗಾದ್ರೆ ಇಷ್ಟು ದಿನ ಯಾಕೆ ಕೇಳ್ಲಿಲ್ಲ?' ಎಂದೆ.

'ಕೇಳಿದ್ರೆ ನೀನು ಪಾತ್ರೆ ಕುಕ್ತೀಯ. ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ.'

ನೋಡಿ ಸಭಿಕರೇ, ಯಾರು ಯಾರನ್ನು ಕಾಯುತ್ತಿದ್ದರು! ನಾನು ಆ ದಿನ ಬೀದಿಯಲ್ಲಿ, ದಿನಸಿ ಅಂಗಡಿಯ ಮುಂದೆ, ಕಟ್ಟೆಯ ಮೇಲೆ ಕೂತುಬಿಟ್ಟೆ. ಅಂಗಡಿಯವನು ಓಡಿಬಂದು, 'ಏನಜ್ಜಿ, ತಲೆ ಸುತ್ತಿತಾ? ಸೋಡಾ ಕೊಡ್ಲಾ?' ಎಂದ. 'ನಿನ್ನ ಸೋಡಾದಲ್ಲಿ ಗ್ಯಾಸೇ ಇರಲ್ಲ, ಹೋಗು' ಎಂದೆ.

ಆಗ ಪಿಟೀಲು ಪಕ್ಕದಲ್ಲಿ ಕೂತು ಒಂದು ಮಾತು ಹೇಳಿದಳು. ಇವತ್ತು ನಾನು ಇಲ್ಲಿ ನಿಂತು ಇಷ್ಟು ಕೊರೆಯುತ್ತಿರುವುದೇ ಆ ಮಾತಿಗೋಸ್ಕರ. 'ಅಜ್ಜಿ, ತಾತ ನಗ್ತಿದ್ರಾ? ನಂಗೆ ಅವರ ಕೆಮ್ಮು ಮಾತ್ರ ನೆನಪಿದೆ.'

ಬೀದಿ ನಾಯಿಗಳನ್ನು ಓಡಿಸುತ್ತಿದ್ದ ನಗು, ಆ ಮಗುವಿಗೆ ನೆನಪಿಲ್ಲ. ಒಂದು ವರ್ಷ ನಾನು ಪೆಟ್ಟಿಗೆ ಮುಚ್ಚಿ ಇಟ್ಟದ್ದಕ್ಕೆ ಅವಳ ಪಾಲಿಗೆ ಉಳಿದದ್ದು ಕೆಮ್ಮು. ಇನ್ನೊಂದು ವರ್ಷ ಬಿಟ್ಟರೆ ಅದೂ ಇಲ್ಲ.

ಅಲ್ಲೇ ಕೂತು ಹೇಳಲು ಶುರು ಮಾಡಿದೆ. ಸಿನಿಮಾದಲ್ಲಿ ಅವರು ಮೂಗು ಸೀನುತ್ತಿದ್ದದ್ದು, ಮುಂದಿನ ಸಾಲಿನ ದಪ್ಪ ಹೆಂಗಸಿನ ಕುರ್ಚಿ ಹಿಡಿದು ಅಲ್ಲಾಡಿಸಿ ಬೈಸಿಕೊಂಡದ್ದು. ನಗು ಮಾಡಿ ತೋರಿಸು ಎಂದಳು. ಬೀದಿಯಲ್ಲಿ ಕೂತು ತೋರಿಸಿದೆ. ಅಂಗಡಿಯವನು ನಿಜವಾಗಲೂ ಸೋಡಾ ತಂದುಕೊಟ್ಟ. ಆದರೆ ನನ್ನದು ಎಂಥ ನಗು? ತಗಡು ಕೆರೆದ ಹಾಗೆ. ಪಿಟೀಲು 'ಅಜ್ಜಿ ಪಾಪ' ಎಂದು ನಕ್ಕಳು, ತಾತನ ನಗು ಹೀಗಿತ್ತು ಎಂದು ನಂಬಲಿಲ್ಲ.

ಆಮೇಲೆ ಅವಳ ಬೇಡಿಕೆ ಬಂತು. ದೋಣಿ ತಾತನ ಸಿನಿಮಾ ಪೂರ್ತಿ ನೋಡಬೇಕಂತೆ, ಮೇಕೆಯಿಂದ ಹಿಡಿದು ಜಗುಲಿಯವರೆಗೆ. ನಾನು ಸ್ಟೂಲಿನ ಮೇಲೆ ಕೂರಕೂಡದಂತೆ, ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಪರದೆಗೆ ಮುಖ ಮಾಡಿ ಕೂರಬೇಕಂತೆ. ಆ ತಾತ ನಗುವಾಗ ನಮ್ಮ ತಾತ ಹೀಗೆ, ಇದಕ್ಕಿಂತ ಜೋರು, ಇದಕ್ಕಿಂತ ಮೆಲ್ಲಗೆ ಎಂದು ಕಿವಿಯಲ್ಲಿ ಹೇಳುತ್ತಾ ಹೋಗಬೇಕಂತೆ. ಆಯಿತು ಎಂದೆ. ಇನ್ನೇನು ಹೇಳಲಿ?

ಮರುದಿನವೇ ಲೈಬ್ರರಿಯನ್ನರ ಹತ್ತಿರ ಹೋದೆ. 'ಒಮ್ಮೆ ತೋರಿಸಿದ ಸಿನಿಮಾ ಮತ್ತೆ ತೋರಿಸೋ ಹಂಗಿಲ್ಲ ಅಜ್ಜಿ, ನಿಯಮ ಇದೆ. ಮುಂದಿನ ತಿಂಗಳಿಗೆ ಮೊಲದ ಕಾರ್ಟೂನ್ ಆಗಲೇ ಗೊತ್ತಾಗಿದೆ' ಎಂದರು. ಆಮೇಲೆ ತಾಯಂದಿರೆಲ್ಲ ಸೇರಿ ನನ್ನ ಮೇಲೆ ದೂರು ಕೊಟ್ಟರು, ನ್ಯಾಯವಾಗಿಯೇ ಕೊಟ್ಟರು. ಸಮಿತಿ ಕೂತಿತು, ಗಡಿಯಾರ ಬಂತು. ಅಜ್ಜಿಯನ್ನು ಸ್ಟೂಲಿನಿಂದ ಇಳಿಸಬೇಕು ಎಂದು ನೀವು ತೀರ್ಮಾನ ಮಾಡುವ ಮೊದಲೇ ಒಬ್ಬಳು ಇಳಿಸಿಯಾಗಿತ್ತು, ಅದೊಂದು ನಿಮಗೆ ಗೊತ್ತಿರಲಿಲ್ಲ.

ಈಗ ನನ್ನ ಮಾತು ಕೇಳಿ. ಒಮ್ಮೆ ತೋರಿಸಿದ್ದನ್ನು ಮತ್ತೆ ತೋರಿಸುವ ಹಾಗಿಲ್ಲ, ಒಪ್ಪಿದೆ. ಆದರೆ ಅದನ್ನು ತೋರಿಸಿದ್ದು ಎಲ್ಲಿ? ಅರ್ಧಕ್ಕರ್ಧ ನಾನು ಮುಚ್ಚಿದ್ದೆನಲ್ಲ? ಇಲ್ಲಿರುವ ಒಂದು ಮಗುವಾದರೂ ಎದ್ದು ನಿಂತು, ಮೇಕೆ ಟೋಪಿ ತಿಂದದ್ದು ಕಂಡೆ ಎಂದರೆ ನಾನು ಈಗಲೇ ಮೈಕು ಕೆಳಗಿಡುತ್ತೇನೆ. ಏಳಿ, ನೋಡೋಣ. ಯಾರೂ ಇಲ್ಲ. ಟೈಲರಮ್ಮನ ಮಗ ಕೂಡ ಎದ್ದಿಲ್ಲ, ಅವನು ಸುಳ್ಳಿಗಾದರೂ ಏಳುವವನು. ಮೊಲಕ್ಕೇನು ಅವಸರ? ಸಿನಿಮಾದ ಮೊಲ, ಇನ್ನೊಂದು ತಿಂಗಳು ಕಾದರೆ ಓಡಿಹೋಗುವುದಿಲ್ಲ.

ತಂದೆತಾಯಂದಿರೇ, ನಿಮಗೂ ಒಂದು ಮಾತು. ಮಕ್ಕಳನ್ನು ಕಳಿಸಿ ಹೊರಗೆ ಹರಟೆ ಹೊಡೆಯಬೇಡಿ, ಒಳಗೆ ಬಂದು ಪಕ್ಕದಲ್ಲಿ ಕೂತುಕೊಳ್ಳಿ. ಒಟ್ಟಿಗೆ ನೋಡಬಹುದಾದ ಚಿತ್ರ ಎಂದು ಪೋಸ್ಟರಿನಲ್ಲಿ ಬರೆದಿರುವುದು ಅದಕ್ಕೇ. ಯಾರಾದರೂ ಅತ್ತರೆ ಅಳಲಿ. ನಾನು ಅತ್ತರೆ ನನ್ನ ಕಡೆ ನೋಡಬೇಡಿ, ಪರದೆ ನೋಡಿ. ಆವತ್ತು ಮಷೀನ್ ಮಾಮನ ಕೆಮ್ಮಿನ ಔಷಧಿ ನಾನೇ ತರುತ್ತೇನೆ.

ಹೂಗುಚ್ಛ ಕೊಟ್ಟವರಿಗೆ, ನಾನು ಕೂಗಾಡಿದರೂ ಮೈಕು ಕಿತ್ತುಕೊಳ್ಳದ ಅಧ್ಯಕ್ಷರಿಗೆ, ಮುಖ್ಯ ಅತಿಥಿಗಳಿಗೆ, ನನ್ನ ಮುಚ್ಚಳವನ್ನು ಇಷ್ಟು ದಿನ ತಡೆದುಕೊಂಡ ಎಲ್ಲ ಮಕ್ಕಳಿಗೆ ನನ್ನ ವಂದನೆ. ಗಡಿಯಾರ ಈ ಮೇಜಿನ ಮೇಲೆಯೇ ಇರುತ್ತದೆ, ನೀವು ಉತ್ತರ ಕೊಡುವ ತನಕ ನಾನು ಅದನ್ನು ಮನೆಗೆ ಒಯ್ಯುವುದಿಲ್ಲ. ದೋಣಿ ತಾತ ಬರುತ್ತಾರೋ ಇಲ್ಲವೋ, ಒಂದೇ ಮಾತು. 'ಯೋಚನೆ ಮಾಡ್ತೀವಿ ಅಜ್ಜಿ' ಎನ್ನುವುದು ಉತ್ತರವಲ್ಲ. ಅದನ್ನು ನನಗೆ ಹೇಳಬೇಡಿ, ಅಗೋ ಚಾಪೆಯ ತುದಿಯಲ್ಲಿ ಕೂತಿದ್ದಾಳಲ್ಲ, ಅವಳ ಹತ್ತಿರ ಹೋಗಿ, ಮಂಡಿಯೂರಿ ಕೂತು, ಮುಖ ನೋಡಿ ಹೇಳಿ. ಮೊಲದ ಪೋಸ್ಟರು ಅಂಟಿಸುವುದರೊಳಗೆ ಹೇಳಿ.

ನಮಸ್ಕಾರ.